ಮುಖಪುಟದ ವಿಳಾಸ ಕೊಟ್ಟರೂ ಕಂಪನಿಯ ಬ್ಲಾಗ್, ಪಾಡ್‌ಕಾಸ್ಟ್ ಫೀಡ್ ಸಿಗದಿದ್ದರೆ

ತೊಂದರೆ ಇಷ್ಟು: ಕಂಪನಿ ವೆಬ್‌ಸೈಟಿನ ವಿಳಾಸವನ್ನು ಫೀಡ್ ರೀಡರ್‌ಗೆ (ಸೈಟಿನ ಹೊಸ ಬರಹ, ಸಂಚಿಕೆಗಳ ಪಟ್ಟಿಯಾದ ‘ಫೀಡ್’ ಅನ್ನು ತಂದು ತೋರಿಸುವ ಆ್ಯಪ್) ಹಾಕಿದರೆ ‘ಫೀಡ್ ಸಿಗಲಿಲ್ಲ’ ಎಂದು ಬರುತ್ತಿತ್ತು. ಬ್ಲಾಗೂ ಇತ್ತು, ಪಾಡ್‌ಕಾಸ್ಟೂ ಇತ್ತು. ಆದರೆ ಮೂರು ಮೆನು ದಾಟಿದರೆ ಮಾತ್ರ.

ಪುಟದ ಅಡಿಯಲ್ಲಿ ಕಿತ್ತಳೆ ಬಣ್ಣದ ಆರ್‌ಎಸ್‌ಎಸ್ (ಫೀಡ್ ಬರೆಯುವ ಒಂದು ಮಾದರಿ) ಚಿಹ್ನೆ ಹಾಕಿದ್ದು, ಬ್ಯಾನರ್ ಹಾಕಿದ್ದು, ಸೈಟ್‌ಮ್ಯಾಪ್ (ಸೈಟಿನ ಪುಟಗಳ ಪಟ್ಟಿ) ಮತ್ತೆ ಸಲ್ಲಿಸಿದ್ದು ಯಾವುದೂ ನಡೆಯಲಿಲ್ಲ. ಸೈಟ್‌ಮ್ಯಾಪ್ ಇರುವುದು ಸರ್ಚ್ ಎಂಜಿನ್‌ಗೆ.

ಬೇಕಿದ್ದದ್ದು ಮುಖಪುಟದ ಎಚ್‌ಟಿಎಂಎಲ್‌ನ ಹೆಡ್ ಭಾಗದಲ್ಲಿ (ಓದುಗರಿಗೆ ಕಾಣದ, ಪುಟದ ಬಗ್ಗೆ ಮಾಹಿತಿ ಇರುವ ಭಾಗ) ಫೀಡಿಗೊಂದರಂತೆ ಲಿಂಕ್ ಟ್ಯಾಗ್. ಅದರೊಳಗಿನ ಗುಣಗಳು ಹೀಗಿರಲಿ: ರೆಲ್ ‘ಆಲ್ಟರ್ನೇಟ್’, ಟೈಪ್ ‘ಅಪ್ಲಿಕೇಶನ್/ಆರ್‌ಎಸ್‌ಎಸ್+ಎಕ್ಸ್‌ಎಂಎಲ್’, ಎಚ್‌ರೆಫ್‌ನಲ್ಲಿ ಎಚ್‌ಟಿಟಿಪಿಎಸ್‌ನಿಂದ ಶುರುವಾಗುವ ಪೂರ್ತಿ ವಿಳಾಸ. ಟೈಟಲ್ ಕೂಡ ಬೇರೆ ಬೇರೆ ಕೊಡಿ. ಎರಡಕ್ಕೂ ಬರೀ ‘ಫೀಡ್’ ಎಂದಿದ್ದರೆ ಯಾವುದು ಬ್ಲಾಗ್, ಯಾವುದು ಪಾಡ್‌ಕಾಸ್ಟ್ ಎಂದು ಓದುಗರಿಗೆ ತಿಳಿಯದು.

ಎಡವಿದ್ದು ಇಲ್ಲೇ. ಟ್ಯಾಗ್ ಮ್ಯಾನೇಜರ್ (ಸೈಟಿನ ಕೋಡ್ ಮುಟ್ಟದೆ ಟ್ಯಾಗ್ ಸೇರಿಸುವ ಸಾಧನ) ಮೂಲಕ ಸೇರಿಸಿದಾಗ ಬ್ರೌಸರಿನ ಇನ್‌ಸ್ಪೆಕ್ಟ್‌ನಲ್ಲಿ ಟ್ಯಾಗ್ ಚೆನ್ನಾಗಿಯೇ ಕಾಣುತ್ತಿತ್ತು, ರೀಡರ್‌ಗೆ ಮಾತ್ರ ಕಾಣಲಿಲ್ಲ. ಟ್ಯಾಗ್ ಮ್ಯಾನೇಜರ್ ಜಾವಾಸ್ಕ್ರಿಪ್ಟ್‌ನಿಂದ ಬರೆಯುತ್ತದೆ. ರೀಡರ್‌ಗಳು ಸಾಮಾನ್ಯವಾಗಿ ಅದನ್ನು ಓಡಿಸುವುದಿಲ್ಲ. ಸರ್ವರ್ ಕಳಿಸುವ ಟೆಂಪ್ಲೇಟಿನಲ್ಲೇ ಬರೆಯಬೇಕು. ಪರೀಕ್ಷೆಗೆ ಕಂಟ್ರೋಲ್+ಯು ಒತ್ತಿ ಮೂಲ ಪಠ್ಯ ನೋಡಿ, ಇನ್‌ಸ್ಪೆಕ್ಟ್ ನಂಬಬೇಡಿ.

ಆಮೇಲೆ ರೋಬೋಟ್ಸ್ ಕಡತದಲ್ಲಿ (ಯಾವ ವಿಳಾಸ ಓದಬಾರದೆಂದು ಬಾಟ್‌ಗಳಿಗೆ ಹೇಳುವ ಕಡತ) ಫೀಡ್ ವಿಳಾಸ ತಡೆದಿದ್ದರೆ ತೆಗೆಯಿರಿ. ಹಳೆಯ ಫೀಡ್ ವಿಳಾಸದಿಂದ ಹೊಸದಕ್ಕೆ 301 ರೀಡೈರೆಕ್ಟ್ (ವಿಳಾಸ ಶಾಶ್ವತವಾಗಿ ಬದಲಾಗಿದೆ ಎಂಬ ಸೂಚನೆ) ಕೊಡಿ. 302 ತಾತ್ಕಾಲಿಕ ಎಂಬ ಅರ್ಥದ್ದು.

ಪಾಡ್‌ಕಾಸ್ಟಿಗೆ ಇನ್ನೆರಡು ವಿಷಯ: ಆ್ಯಪಲ್‌ಗೆ ಮುಖಚಿತ್ರ ಚೌಕಾಕಾರವಾಗಿ 1400ರಿಂದ 3000 ಪಿಕ್ಸೆಲ್ ಒಳಗಿರಬೇಕು. ಆಡಿಯೊ ಇಟ್ಟ ಸರ್ವರ್ ಬೈಟ್ ರೇಂಜ್ ಕೋರಿಕೆಗೆ (ಕಡತದ ಒಂದು ಭಾಗ ಮಾತ್ರ ಕೇಳುವುದು) 206, ಅಂದರೆ ‘ಭಾಗ ಮಾತ್ರ ಕಳಿಸಿದೆ’ ಎಂಬ ಉತ್ತರ ಕೊಡಬೇಕು.