ಕೋಲಾರದ ಹಳ್ಳಿಗಳಲ್ಲಿ ಖಿನ್ನತೆಗೆ ಥೆರಪಿಸ್ಟ್ ಗೊತ್ತುಮಾಡುವುದು: ನನ್ನ ಅನುಭವ

"ಬರೀ ಮಾತಾಡೋಕೆ ಯಾರು ದುಡ್ಡು ಕೊಡ್ತಾರೆ?" ಎಂದವರೇ ಈಗ ನಂಬರು ಕೇಳುತ್ತಿದ್ದಾರೆ. ಎರಡು ವರ್ಷದಲ್ಲಿ ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆಯ ನಲವತ್ತು ಚಿಲ್ಲರೆ ಜನಕ್ಕೆ ಥೆರಪಿಸ್ಟ್ ಗೊತ್ತುಮಾಡಿದ್ದೇನೆ. ಇಪ್ಪತ್ತೈದು ಜನವಾದರೂ 6 ಭೇಟಿ ದಾಟಿದ್ದಾರೆ. ಈ ಕೆಲಸದಲ್ಲಿರುವವರಿಗೆ ಗೊತ್ತು, ಇದು ಸಣ್ಣ ಲೆಕ್ಕವಲ್ಲ.

ಮೊದಮೊದಲು ಎಲ್ಲರನ್ನೂ ಬೆಂಗಳೂರಿಗೇ ಕಳಿಸಿ ಕೆಟ್ಟೆ. ಫೀಸು ಸಾವಿರದಿಂದ ಸಾವಿರದೈನೂರು. ಜೊತೆಗೊಬ್ಬರು, ಇಬ್ಬರ ಬಸ್ಸು, ಊಟ, ತಪ್ಪಿದ ಕೂಲಿ ಸೇರಿ ಎರಡೂವರೆ ಸಾವಿರ ಮುಟ್ಟುತ್ತಿತ್ತು. ಎರಡನೇ ಭೇಟಿಗೇ ಬಿಟ್ಟುಬಿಡುತ್ತಿದ್ದರು.

ಈಗ ಮೊದಲು ನೋಡುವುದು ಭಾಷೆ. ನಮ್ಮ ಕಡೆ ಎಷ್ಟೋ ಮನೆಗಳ ಮಾತು ತೆಲುಗು. ಕನ್ನಡ ಸಲೀಸಾಗಿ ಆಡುವವರಿಗೂ ಅಳು ಬಂದಾಗ ಬರುವುದು ಮನೆಮಾತೇ. ಎರಡೂ ಬಲ್ಲ ಥೆರಪಿಸ್ಟ್ ಸಿಕ್ಕರೆ ಫೋನಿನಲ್ಲೂ ಕೆಲಸ ನಡೆಯುತ್ತದೆ. ಆಮೇಲೆ ಹೊತ್ತು. ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿಗೆ ಯಾರೂ ಸಿಗುವುದಿಲ್ಲ. ಮಧ್ಯಾಹ್ನ 2ರಿಂದ 3 ವಾಸಿ. ರೇಷ್ಮೆ ಮನೆಯಲ್ಲಿ ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಹಂತದಿಂದ) ಎದ್ದ ಮೇಲೆ ಒಂದು ವಾರ ಸೊಪ್ಪು ಹಾಕುವುದಕ್ಕೇ ಕೈ ಸಾಲದು. ಆ ವಾರ ಭೇಟಿ ಇಟ್ಟು ನಾಲ್ಕು ಕೇಸು ಕಳೆದುಕೊಂಡೆ. ವಿಡಿಯೊ ಬೇಡ, ಬರೀ ಕರೆ ಸಾಕು. ವೈರಿನ ಇಯರ್‌ಫೋನ್ ಇರಲಿ, ಅತ್ತೆಯ ಕಿವಿಗೆ ಬೀಳದ ಜಾಗ ಇರಲಿ.

ಹೆಸರು ಕೊಡುವ ಮುಂಚೆ ಥೆರಪಿಸ್ಟ್ ಜೊತೆ ನಾನೇ ಹತ್ತು ನಿಮಿಷ ಮಾತಾಡುತ್ತೇನೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳುತ್ತೇನೆ. ಕೌನ್ಸೆಲರ್ ಆದರೆ ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಎಂದು. ಖಿನ್ನತೆಗೆ ಏನು ಮಾಡುತ್ತೀರಿ, ಗುಣ ಕಾಣುತ್ತಿದೆಯೋ ಇಲ್ಲವೋ ಎಂದು ಯಾವಾಗ ಅಳೆಯುತ್ತೀರಿ? "ಆರನೇ ಭೇಟಿಗೆ ಪಿಎಚ್‌ಕ್ಯೂ-9 ಮತ್ತೆ ಹಾಕ್ತೀನಿ" ಎಂಬಂಥ ಉತ್ತರ ಬಂದರೆ ಸರಿ (ಪಿಎಚ್‌ಕ್ಯೂ-9 ಎಂದರೆ ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ). "ಎಲ್ಲಾ ನಂಗೆ ಬಿಡಿ" ಎಂದವರಿಗೆ ಯಾರನ್ನೂ ಕಳಿಸುವುದಿಲ್ಲ. ಫೀಸು ಇಳಿಸುವ ಮಾತು ಹೇಗೆ ಎತ್ತುತ್ತೇನೆಂದು ಇಲ್ಲಿ ಬರೆಯುವುದಿಲ್ಲ, ಆರುನೂರಕ್ಕೂ ಒಪ್ಪಿಸಿದ್ದುಂಟು.

ಪಿಎಚ್‌ಕ್ಯೂ-9ರ ಒಟ್ಟು ಅಂಕ 27. ಹತ್ತು ದಾಟಿದವರನ್ನು ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯಕ್ಕೆ (ಸರ್ಕಾರದ ಮಾನಸಿಕ ಆರೋಗ್ಯ ಕ್ಲಿನಿಕ್ಕಿಗೆ), ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಥೈರಾಯ್ಡ್, ಹಿಮೋಗ್ಲೋಬಿನ್ ಕೂಡ ನೋಡಿಸಬೇಕು; ಥೈರಾಯ್ಡ್ ಕಡಿಮೆಯಾದರೂ ಇದೇ ಸುಸ್ತು, ಇದೇ ಬೇಜಾರು. ಅವರು ಖಿನ್ನತೆಗೆ ಕೊಡುವ ಮಾತ್ರೆಯ ಗುಣ ಕಾಣಲು 2ರಿಂದ 4 ವಾರ ಬೇಕು, ಜನ ಹತ್ತನೇ ದಿನಕ್ಕೇ "ಹಿಡಿಸಲಿಲ್ಲ" ಅಂತ ಬಿಡುತ್ತಾರೆ. ಅದಕ್ಕೇ ಥೆರಪಿಯ ಮೊದಲ ಭೇಟಿಯನ್ನು ಆ ಹತ್ತು ದಿನದೊಳಗೇ ಇಡಿಸುತ್ತೇನೆ. ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. ಅಲ್ಲಿ ಸೊನ್ನೆ ಬಿಟ್ಟು ಬೇರೇನೇ ಬಂದರೂ ಮಂಗಳವಾರಕ್ಕೆ ಕಾಯಬಾರದು: ಅವತ್ತೇ ಜಿಲ್ಲಾಸ್ಪತ್ರೆ, ರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಜೊತೆಗೊಬ್ಬರು ಇರಲೇಬೇಕು.

ಒಂದು ಪ್ರಯೋಗವನ್ನೂ ಮಾಡಿದೆ. ದಿನಕ್ಕೊಂದು ಸಣ್ಣ ಕೆಲಸ ಮಾಡಿ ಬರೆದಿಡಿ ಎಂದು ಥೆರಪಿಸ್ಟ್ ಹೇಳಿದರೆ ಓದುಬರಹ ಇಲ್ಲದವರು ಏನು ಮಾಡಬೇಕು? ಕೆಲಸ ಮುಗಿಸಿದ ದಿನ ಡಬ್ಬಿಗೊಂದು ಹುಣಸೆ ಬೀಜ ಹಾಕಿಸಿದೆ. ಐವತ್ತು ದಾಟಿದವರಲ್ಲಿ ಚೆನ್ನಾಗಿ ನಡೆಯಿತು, ಹುಡುಗರಲ್ಲಿ ನಡೆಯಲಿಲ್ಲ.

ಮೂರು ಭೇಟಿಯಾದರೂ ಹೊಂದಿಕೆಯಾಗದಿದ್ದರೆ ಥೆರಪಿಸ್ಟ್‌ರನ್ನು ಬದಲಾಯಿಸುತ್ತೇನೆ. "ಮೇಡಂಗೆ ಬೇಜಾರಾಗುತ್ತೆ" ಎಂದು ಮನೆಯವರು ಹಿಂಜರಿಯುತ್ತಾರೆ, ಆ ಫೋನು ನಾನೇ ಮಾಡುತ್ತೇನೆ. ಹಾಗೆ ಬದಲಾದ ಏಳೆಂಟು ಜನರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಎರಡನೆಯವರ ಹತ್ತಿರ ಮುಂದುವರಿದರು.