ಲಾರಿ ಕೀ ಕೊಡುವ ಮೊದಲು ಡಿಎಲ್‌ನಲ್ಲಿ ಏನು ನೋಡಬೇಕು

ಚಳ್ಳಕೆರೆಯಿಂದ ಶೇಂಗಾ ಎಣ್ಣೆ, ಹಿಂಡಿ ಸಾಗಿಸುವ ಎರಡು ಲಾರಿ ನಮ್ಮವು. ಯಜಮಾನರು ತೀರಿಕೊಂಡ ಮೇಲೆ ವ್ಯವಹಾರ ನನ್ನ ಕೈಗೆ ಬಂತು. ಮೊದಲ ವರ್ಷವೇ ಹಿರಿಯೂರಿನ ಹತ್ತಿರ ನಮ್ಮ ಹತ್ತು ಚಕ್ರದ ಗಾಡಿ, ನಿಂತಿದ್ದ ಲಾರಿಗೆ ಗುದ್ದಿ ಕ್ಯಾಬಿನ್ ನುಜ್ಜುಗುಜ್ಜಾಯಿತು. ದೇವರ ದಯೆ, ಡ್ರೈವರ್ ಉಳಿದ. ಪ್ರೀಮಿಯಂ ಒಂದು ಸಲವೂ ತಪ್ಪಿಸಿರಲಿಲ್ಲ, ಆದರೂ ರಿಪೇರಿ ಕ್ಲೇಮ್ ಬರಲಿಲ್ಲ. ಡ್ರೈವರ್‌ನ ಲೈಸೆನ್ಸ್ 11 ದಿನದ ಹಿಂದೆಯೇ ಮುಗಿದಿತ್ತು. ಕಾರ್ಡ್ ನಾನು ನೋಡಿದ್ದೆ, ಆದರೆ ನೋಡಬೇಕಾದ ತಾರೀಖು ನೋಡಿರಲಿಲ್ಲ.

ಕಾರ್ಡಿನಲ್ಲಿ ಎರಡು ವ್ಯಾಲಿಡಿಟಿ ಇರುತ್ತವೆ, ಎನ್‌ಟಿ (ನಾನ್-ಟ್ರಾನ್ಸ್‌ಪೋರ್ಟ್) ಮತ್ತು ಟಿಆರ್ (ಟ್ರಾನ್ಸ್‌ಪೋರ್ಟ್). ಎನ್‌ಟಿ ಸ್ವಂತ ಬೈಕು, ಕಾರಿಗೆ. ಲಾರಿಗೆ ಬೇಕಾದದ್ದು ಟಿಆರ್, ಅದರ ಅವಧಿ 5 ವರ್ಷ. ಮುಗಿದ ಮೇಲೂ ಒಂದು ತಿಂಗಳು ನಡೆಯುತ್ತೆ ಎಂದು ಸ್ಟ್ಯಾಂಡಿನ ಹಳಬರು ಇಂದಿಗೂ ಹೇಳುತ್ತಾರೆ. ನಂಬಬೇಡಿ. ಆ 30 ದಿನದ ರಿಯಾಯಿತಿಯನ್ನು 2019ರ ತಿದ್ದುಪಡಿಯಲ್ಲಿ ತೆಗೆದುಹಾಕಿದ್ದಾರೆ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ರಿನೀವಲ್‌ಗೆ ಅರ್ಜಿ ಹಾಕಬಹುದು. ಮುಗಿದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ದಿನದ ಕೂಲಿ ಹೋಗುತ್ತದೆಂದು ಡ್ರೈವರ್‌ಗಳು ಆರ್‌ಟಿಒ ಕೆಲಸ ಮುಂದೂಡುತ್ತಾರೆ, ಅವರನ್ನು ಬೈದು ಪ್ರಯೋಜನವಿಲ್ಲ. ನಾನು ಆ ದಿನದ ಸಂಬಳ ಹಿಡಿಯುವುದಿಲ್ಲ.

ಆಮೇಲೆ ಆರ್‌ಸಿ ಪಕ್ಕದಲ್ಲಿಟ್ಟು ವಾಹನದ ವರ್ಗ ನೋಡಿ. ಲೋಡ್ ಸೇರಿ ಒಟ್ಟು ತೂಕ 7,500 ಕೆಜಿ ಒಳಗಿನ ಗೂಡ್ಸ್ ಗಾಡಿಯಾದರೆ ಬರೀ ಎಲ್‌ಎಂವಿ, ಅಂದರೆ ಕಾರಿನಂಥ ಲಘು ವಾಹನದ ಲೈಸೆನ್ಸ್ ಸಾಕು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಇದನ್ನು ಖಚಿತಪಡಿಸಿದೆ. ಅದಕ್ಕಿಂತ ಭಾರವಾದ ಗಾಡಿಗೆ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಇಲ್ಲದೆ ಕೀ ಕೊಡಬೇಡಿ. ಡೀಸೆಲ್, ಗ್ಯಾಸ್, ಆ್ಯಸಿಡ್ ಸಾಗಿಸುವವರಿಗೆ ಅಪಾಯಕಾರಿ ಸರಕಿನ ತರಬೇತಿಯ ನಮೂದು ಬೇರೆಯೇ ಬೇಕು.

ಕಾರ್ಡ್ ಅಸಲಿಯೋ ನಕಲಿಯೋ ಕಣ್ಣಿಗೆ ಗೊತ್ತಾಗುವುದಿಲ್ಲ. ಪರಿವಾಹನ್ ವೆಬ್‌ಸೈಟಿನಲ್ಲಿ ಡಿಎಲ್ ನಂಬರ್, ಹುಟ್ಟಿದ ತಾರೀಖು ಹಾಕಿದರೆ ಸ್ಟೇಟಸ್ಸೂ ಎರಡೂ ವ್ಯಾಲಿಡಿಟಿಗಳೂ ಬರುತ್ತವೆ. ಆ ಪುಟದ ಪ್ರಿಂಟ್ ತೆಗೆದು, ಡ್ರೈವರ್ ಸಹಿ ಹಾಕಿಸಿ ಫೈಲಿಗೆ ಸೇರಿಸಿ. ಸೇರಿಸಿಕೊಳ್ಳುವ ಮುಂಚೆ ಹಳೆಯ ಡ್ರೈವರ್‌ನನ್ನು ಪಕ್ಕ ಕೂರಿಸಿ ಗಾಡಿ ಓಡಿಸಿ ನೋಡಿ, ಆ ದಿನಾಂಕವನ್ನೂ ಬರೆದಿಡಿ. ಈ ಕಾಗದಗಳಿಗೆ ಬೆಲೆಯಿದೆ. ನಮ್ಮ ಗಾಡಿಯಿಂದ ಬೇರೆಯವರಿಗೆ ಏಟಾದರೆ, ಲೈಸೆನ್ಸ್ ಸರಿಯಿಲ್ಲದಿದ್ದರೂ ಕೋರ್ಟ್ ಮೊದಲು ಇನ್ಶೂರೆನ್ಸ್ ಕಂಪನಿಯಿಂದ ಪರಿಹಾರ ಕೊಡಿಸಿ, ಆಮೇಲೆ ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳಲು ಬಿಡಬಹುದು. ಮಾಲೀಕರು ಬೇಕೆಂದೇ ಅಥವಾ ಅಜಾಗ್ರತೆಯಿಂದ ಷರತ್ತು ಮುರಿದರೆಂದು ಕಂಪನಿಯೇ ಸಾಬೀತು ಮಾಡಬೇಕು ಎಂದು ಸುಪ್ರೀಂ ಕೋರ್ಟಿನ 2004ರ ಸ್ವರಣ್ ಸಿಂಗ್ ಕೇಸಿನ ತೀರ್ಪು ಹೇಳುತ್ತದೆ. ನೀವು ಎಚ್ಚರ ವಹಿಸಿದ್ದಕ್ಕೆ ಆ ಫೈಲೇ ಸಾಕ್ಷಿ.

ದಾರಿಯಲ್ಲಿ ನಿದ್ದೆ ಬಂತೆಂದು ಕ್ಲೀನರ್ ಕೈಗೆ ಸ್ಟಿಯರಿಂಗ್ ಕೊಟ್ಟರೆ ಇಷ್ಟೂ ನೀರುಪಾಲು. ಇದನ್ನು ಡ್ರೈವರ್‌ಗೆ ಬಾಯಿಬಿಟ್ಟು ಹೇಳಿ. ಕ್ಲೀನರ್ ಹುಡುಗನಿಗೆ 20 ತುಂಬಿ, ಅವನ ಎಲ್‌ಎಂವಿ ಲೈಸೆನ್ಸಿಗೆ ಒಂದು ವರ್ಷ ಆದಮೇಲೆ ಟ್ರಾನ್ಸ್‌ಪೋರ್ಟಿಗೆ ಎಲ್‌ಎಲ್‌ಆರ್ ಸಿಗುತ್ತದೆ. ನಮ್ಮ ಹುಡುಗನಿಗೆ ಹೋದ ತಿಂಗಳು ನಾನೇ ಮಾಡಿಸಿದೆ.