ತೊಗರಿ ಜೀನ್ ತಿದ್ದುವ ಕೆಲಸಕ್ಕೆ ನಾನು ಬಂದ ದಾರಿ

"ಅಕ್ಕಾ, ಕ್ರಿಸ್ಪರ್ ಕಲೀಬೇಕಂದ್ರ ಯಾವ ಕೋರ್ಸ್ ಮಾಡ್ಬೇಕ್ರಿ?" ಕಲಬುರಗಿಯ ಬಿಎಸ್ಸಿ ಹುಡುಗ ಹುಡುಗಿಯರು ಫೋನ್ ಹಚ್ಚಿದಾಗ ಮೊದಲು ಕೇಳುವುದು ಇದನ್ನೇ. ಜೀನನ್ನು ಕತ್ತರಿಸಿ ತಿದ್ದುವ ಈ ಕ್ರಿಸ್ಪರ್ ವಿಧಾನವನ್ನು ಆಮೇಲೆ ನೋಡೋಣ, ಮೊದಲು ಟಿಶ್ಯೂ ಕಲ್ಚರ್‌ನಲ್ಲಿ (ಗಿಡದ ತುಂಡನ್ನು ಬಾಟಲಿಯಲ್ಲಿ ಬೆಳೆಸುವ ಕೆಲಸ) ಕೈ ಪಳಗಿಸಿಕೊಳ್ಳಿ ಅಂತೀನಿ.

ವಿಜ್ಞಾನಿಗಳಾದ ಡೌಡ್ನಾ ಮತ್ತು ಶಾರ್ಪಾಂಟಿಯೇ 2012ರಲ್ಲಿ ತೋರಿಸಿಕೊಟ್ಟು, 2020ರಲ್ಲಿ ನೊಬೆಲ್ ಪಡೆದ ಈ ವಿಧಾನ ಈಗ ಬಹಳಷ್ಟು ಲ್ಯಾಬುಗಳಲ್ಲಿ ಇದೆ. ಜೀನನ್ನು ಕತ್ತರಿಸುವ ಕ್ಯಾಸ್-9 ಕಿಣ್ವವನ್ನು ಬೇಕಾದ ಜಾಗಕ್ಕೆ ಒಯ್ಯುವ 20 ಅಕ್ಷರಗಳ ಗೈಡ್ (ದಾರಿ ತೋರುವ ಆರ್ಎನ್ಎ ತುಣುಕು) ಅನ್ನು ಕಂಪ್ಯೂಟರ್ ಮುಂದೆ ಕೂತೇ ಆರಿಸಬಹುದು. ತಿದ್ದಿದ ಕೋಶದಿಂದ ಇಡೀ ಗಿಡ ಎಬ್ಬಿಸುವುದು ಮಾತ್ರ ಕೈಯ ಕೆಲಸ. ಭತ್ತ ಸಲೀಸಾಗಿ ಚಿಗುರುತ್ತದೆ, ತೊಗರಿ ಬಲು ಹಟಮಾರಿ.

ನಾನು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಬಯೋಟೆಕ್ನಾಲಜಿ ಮುಗಿಸಿ, ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಾಸಾಗಿ, ಹೈದರಾಬಾದಿನ ಲ್ಯಾಬೊಂದಕ್ಕೆ ಸೇರಿದೆ. ರಾತ್ರಿ ನೆನೆಸಿಟ್ಟ ತೊಗರಿಯ ಸಿಪ್ಪೆ ಸುಲಿದು, ಬೇಳೆ ಬಿಡಿಸಿ, ನಡುವಿನ ಪುಟ್ಟ ಮೊಳಕೆಯ ತುದಿಯನ್ನು ಬ್ಲೇಡಿನಿಂದ ತೆಳ್ಳಗೆ ಸವರಬೇಕು. ಆಮೇಲೆ ಅದನ್ನು ತಿದ್ದುವ ಸಾಮಗ್ರಿಯನ್ನು ಗಿಡದ ಕೋಶದೊಳಗೆ ಸಾಗಿಸುವ ಆಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ದ್ರಾವಣದಲ್ಲಿ ಅದ್ದಿ ಎರಡು-ಮೂರು ದಿನ ಕತ್ತಲಲ್ಲಿ ಇಡುತ್ತೇವೆ. ನಂತರ ಸೆಫೊಟ್ಯಾಕ್ಸಿಮ್ ಹಾಕಿ ಬ್ಯಾಕ್ಟೀರಿಯಾ ಕೊಲ್ಲುತ್ತೇವೆ. ಬಹುಪಾಲು ತುಂಡುಗಳು ಕಂದುಬಣ್ಣಕ್ಕೆ ತಿರುಗಿ ಸಾಯುತ್ತವೆ. ಚಿಗುರಿದವೂ ಬೇರು ಬಿಡಲು ಒಲ್ಲೆ ಅನ್ನುತ್ತವೆ, ಹಾಗಾಗಿ ಬೇರೆ ಸಸಿಯ ಬುಡಕ್ಕೆ ಕಸಿ ಕಟ್ಟುತ್ತೇವೆ. ಗಿಡ ಉಳಿದರೂ ಒಂದು ಎಲೆಯಲ್ಲಿ ತಿದ್ದುಪಡಿ ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಬೀಜ ಕಟ್ಟಿ, ಮುಂದಿನ ಪೀಳಿಗೆಯ ಡಿಎನ್‌ಎ ಓದಿಸುವವರೆಗೆ ಏನನ್ನೂ ಹೇಳುವಂತಿಲ್ಲ. ಇಷ್ಟು ತಾಳ್ಮೆ ಬೇಡುವ ಬೆಳೆ ಅಂತಲೇ ಇಲ್ಲಿಗೆ ಬರುವವರು ಕಡಿಮೆ. ನುರಿತ ಕೈಗಳಿಗೆ ಬೇಡಿಕೆ ಇರುವುದೂ ಅದಕ್ಕೇ.

ನಮ್ಮ ಭಾಗದವರಿಗೆ ಇನ್ನೊಂದು ಬಲವಿದೆ. ಆಳಂದ ತಾಲ್ಲೂಕಿನ ನಮ್ಮ ಹೊಲದಲ್ಲಿ ಅಪ್ಪ ಒಣಗುತ್ತಿದ್ದ ಗಿಡದ ಕಾಂಡ ಸೀಳಿ, "ನೋಡವ್ವಾ, ಒಳಗ ಕರೀ ಗೆರಿ ಬಿದ್ದದ. ಇದು ನೆಟೆ ರೋಗ, ನೀರಿನ ಕೊರತಿ ಅಲ್ಲ" ಅಂದಿದ್ದರು. ಆ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ, ನೀರು ಏರುವ ನಾಳಗಳನ್ನೇ ಹಿಡಿಯುತ್ತದೆ. ನೆಟೆ, ಗೊಡ್ಡು ರೋಗ, ಕಾಯಿಕೊರಕವನ್ನು ಹೊಲದಲ್ಲೇ ಕಂಡವರಿಗೆ ಯಾವ ಜೀನಿನ ಹಿಂದೆ ಬೀಳಬೇಕೆಂಬ ಪ್ರಶ್ನೆ ಬೇಗ ಹೊಳೆಯುತ್ತದೆ. ಇದನ್ನು ನಾನು ಮನಸಾರೆ ನಂಬಿದ್ದೇನೆ.

ದುಡ್ಡಿನ ಮಾತು ಮನೆಯವರು ಕೇಳಿಯೇ ಕೇಳುತ್ತಾರೆ. ಸಿಎಸ್‌ಐಆರ್-ಯುಜಿಸಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ವಿದ್ಯಾರ್ಥಿವೇತನ) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಪ್ರಾಜೆಕ್ಟ್ ಹುದ್ದೆಗಳು ಗುತ್ತಿಗೆಯವು. ಸೇರುವ ಮೊದಲೇ ಪ್ರಾಜೆಕ್ಟಿನ ಅವಧಿ ಎಷ್ಟು ಉಳಿದಿದೆ ಎಂದು ಕೇಳಿ, ಸಂಕೋಚ ಬೇಡ.

ಹೊರಗಿನ ಜೀನ್ ಉಳಿಯದಂತೆ ತಿದ್ದಿದ ಬೆಳೆಗಳಿಗೆ ಕೇಂದ್ರ ಸರ್ಕಾರ 2022ರಲ್ಲಿ ಜಿಎಂ (ಕುಲಾಂತರಿ) ಬೆಳೆಗಳ ಕಠಿಣ ನಿಯಮದಿಂದ ವಿನಾಯಿತಿ ಕೊಟ್ಟಿತು. 2025ರ ಮೇನಲ್ಲಿ ಅಂಥ ಎರಡು ಭತ್ತದ ತಳಿಗಳೂ ಘೋಷಣೆಯಾದವು. ತೊಗರಿಯ ಸರದಿ ಇನ್ನೂ ಬಂದಿಲ್ಲ. ಆಸಕ್ತಿ ಇದ್ದವರು ಈ ಬೇಸಿಗೆ ರಜೆಯಲ್ಲೇ ಟಿಶ್ಯೂ ಕಲ್ಚರ್ ಇರುವ ಯಾವುದಾದರೂ ಲ್ಯಾಬಿಗೆ ಅರ್ಜಿ ಹಾಕಿ. ಮೊದಲು ಬಾಟಲಿ ತೊಳೆಯುವ, ಗಿಡದ ತುಂಡು ಬೆಳೆಯುವ ಪೋಷಕ ಮಾಧ್ಯಮ ಕುದಿಸುವ ಕೆಲಸ ಕೊಟ್ಟರೂ ಒಪ್ಪಿಕೊಳ್ಳಿ.